ಹತ್ತಿಯ ಜೀನು ಅವ್ವನ ಬದನೆಗೆ ಹಾರುತ್ತದೆಯೇ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ರೈತ. ನಾಲ್ಕು ಎಕರೆಯಲ್ಲಿ ಬಿಟಿ ಹತ್ತಿ ಹಾಕುತ್ತೇನೆ. ಬದುವಿನ ಪಕ್ಕ ಎರಡು ಸಾಲು ಬೆಂಡೆ ಇರುತ್ತದೆ. ಹಿತ್ತಲಲ್ಲಿ ನಮ್ಮ ಅವ್ವನ ಬದನೆ ಗಿಡಗಳಿವೆ. ಆ ಬೀಜವನ್ನು ಅವ್ವ ಮೂವತ್ತು ವರ್ಷದಿಂದ ಬೂದಿಯಲ್ಲಿ ಕಟ್ಟಿಟ್ಟು ಉಳಿಸಿಕೊಂಡು ಬಂದಿದ್ದಾಳೆ. ಎರಡು ಆಕಳಿವೆ, ಅವಕ್ಕೆ ಹತ್ತಿಕಾಳಿನ ಹಿಂಡಿ ಹಾಕುತ್ತೇವೆ. ಈಚೆಗೆ ಮೊಬೈಲಿಗೆ ಒಂದು ವಿಡಿಯೊ ಬಂತು. ಬಿಟಿ ಜೀನು ಪಕ್ಕದ ಬೆಳೆಗೆ ಹಾರುತ್ತದಂತೆ. ಹಿಂಡಿಯಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಸೇರುತ್ತದಂತೆ. ಆಮೇಲೆ ಆ್ಯಂಟಿಬಯಾಟಿಕ್ ಕೊಟ್ಟರೂ ಕೆಲಸ ಮಾಡುವುದಿಲ್ಲವಂತೆ. ಪಿಯುಸಿ ಓದುವ ಮಗಳು ಹಿಂಡಿ ನಿಲ್ಲಿಸಿ ಅನ್ನುತ್ತಿದ್ದಾಳೆ. ಇದರ ಮಧ್ಯೆ ಒಬ್ಬರು, ಕಳೆನಾಶಕ ಹೊಡೆದರೂ ಸಾಯದ ಹತ್ತಿ ಬೀಜ ತಂದುಕೊಡುತ್ತೇನೆ ಎಂದಿದ್ದಾರೆ. ಪೊಟ್ಟಣದ ಮೇಲೆ ಕಂಪನಿ ಹೆಸರಿಲ್ಲ, ಬಿಲ್ ಇಲ್ಲ. ಹಾಕಬಹುದೇ? ಅವ್ವನ ಬದನೆ ಕೆಡುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಭಯಗಳಿವೆ, ಆದರೆ ಎಲ್ಲದಕ್ಕೂ ಒಂದೇ ತೂಕ ಇಲ್ಲ. ವಿಡಿಯೊ ನೋಡಿ ನೀವು ಹೆದರಿದ್ದು ಹಾಲಿಗೆ, ಹೊಟ್ಟೆಗೆ. ನಾನು ಹೆದರುವುದು ಆ ಹೆಸರಿಲ್ಲದ ಪೊಟ್ಟಣಕ್ಕೆ.

ಭಯಪಡುವುದು ತಪ್ಪೇನಲ್ಲ. ಒಂದು ಜೀವಿಯ ಜೀನನ್ನು ಕತ್ತರಿಸಿ ಇನ್ನೊಂದಕ್ಕೆ ಜೋಡಿಸುವುದು 1970ರ ದಶಕದ ಮೊದಲಲ್ಲಿ ಸಾಧ್ಯವಾದಾಗ ಮೊದಲು ಹೆದರಿದ್ದೇ ಆ ಕೆಲಸ ಮಾಡುತ್ತಿದ್ದವರು. ಅಮೆರಿಕದ ವಿಜ್ಞಾನಿ ಪಾಲ್ ಬರ್ಗ್ ಮತ್ತು ಅವರ ಜೊತೆಯವರು ಕೆಲವು ಪ್ರಯೋಗಗಳನ್ನು ತಾವಾಗಿಯೇ ನಿಲ್ಲಿಸಿದರು. 1975ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಸಿಲೋಮಾರ್‌ನಲ್ಲಿ ಸೇರಿ, ಯಾವ ಪ್ರಯೋಗಕ್ಕೆ ಎಷ್ಟು ಬಂದೋಬಸ್ತು ಬೇಕು ಎಂದು ಕಟ್ಟುಪಾಡು ಹಾಕಿಕೊಂಡರು. ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ 1989ರಲ್ಲಿ ನಿಯಮಗಳು ಬಂದವು. ಜೀನು ಬದಲಿಸುವ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಒಂದು ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು. ಸಸ್ಯ ತಳಿ ಅಭಿವೃದ್ಧಿ ನನ್ನ ವೃತ್ತಿ. ಅಂಥ ಸಮಿತಿಯಲ್ಲಿ ಹಲವು ವರ್ಷ ಕೂತಿದ್ದೇನೆ. ಯಾರಾದರೂ 'ಜೀನು ಹಾರುತ್ತೆ' ಅಂದಾಗ ಅಲ್ಲಿ ನಾವು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ದಾರಿಯಲ್ಲಿ? ಜೀನಿಗೆ ರೆಕ್ಕೆ ಇಲ್ಲ. ಅದು ಪರಾಗದ ಮೇಲೆ ಕೂತು ಹೋಗಬೇಕು, ಇಲ್ಲವೇ ಬೀಜದೊಳಗೆ ಕೂತು ಹೋಗಬೇಕು. ಮೂರನೆಯದು, ಬ್ಯಾಕ್ಟೀರಿಯಾ ಅದನ್ನು ನೇರವಾಗಿ ಹೀರಿಕೊಳ್ಳಬೇಕು. ಇದು ಬಹಳ ಅಪರೂಪ. ನಿಮ್ಮ ಒಂದೊಂದು ಭಯವನ್ನೂ ಹೀಗೆ ದಾರಿ ಹಿಡಿದು ನೋಡೋಣ.

ಮೊದಲು ಬೆಂಡೆ. ಹತ್ತಿ ಮತ್ತು ಬೆಂಡೆ ದಾಸವಾಳದ ಒಂದೇ ಕುಟುಂಬದವು. ಹೂ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಆದರೆ ನಂಟು ದೂರದ್ದು. ಹತ್ತಿಯ ಪರಾಗ ಬೆಂಡೆ ಹೂವಿನ ಮೇಲೆ ಬಿದ್ದರೂ ಬೀಜ ಕಟ್ಟುವುದಿಲ್ಲ. ಹತ್ತಿಯ ಪರಾಗ ಭಾರ, ಅಂಟಂಟು. ಗಾಳಿಗೆ ಹಾರುವಂಥದ್ದೇ ಅಲ್ಲ, ಜೇನು ಹೊತ್ತರೆ ಮಾತ್ರ ಹೋಗುತ್ತದೆ. ಜಯಧರದಂಥ ದೇಸಿ ಹತ್ತಿ ಬೆಳೆಯುವವರೂ ಇದನ್ನೇ ಕೇಳುತ್ತಾರೆ. ಬಿಟಿ ಹತ್ತಿಯಲ್ಲಿ 52 ಕ್ರೋಮೋಸೋಮು (ಜೀನುಗಳನ್ನು ಹೊತ್ತ ಎಳೆಗಳು), ದೇಸಿ ಹತ್ತಿಯಲ್ಲಿ 26. ಇವೆರಡು ಕೂಡುವುದೇ ಕಷ್ಟ, ಕೂಡಿದರೂ ಹುಟ್ಟುವ ಗಿಡ ಬಂಜೆ. ಆದರೆ ಪಕ್ಕದ ಹೊಲದಲ್ಲಿ ಬಿಟಿ ಅಲ್ಲದ ಅಮೆರಿಕನ್ ಹತ್ತಿ ಇದ್ದರೆ, ಅಥವಾ ಯಾರಾದರೂ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ಮಾಡುತ್ತಿದ್ದರೆ, ಅಲ್ಲಿಗೆ ಜೇನಿನ ದಾರಿ ಪೂರ್ತಿ ತೆರೆದಿದೆ. ನಿಮ್ಮ ಬೆಂಡೆಯ ಬಗ್ಗೆ ಮಾತ್ರ ನಿಶ್ಚಿಂತೆಯಿಂದಿರಿ.

ಇನ್ನು ಹಿಂಡಿ ಮತ್ತು ಹಾಲು. ಬಿಟಿ ಅಂದರೆ ಬೆಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಇದು ಮೊದಲು ಗೊತ್ತಾಗಿದ್ದು 1901ರಲ್ಲಿ, ಜಪಾನಿನಲ್ಲಿ ರೇಷ್ಮೆಹುಳು ಸಾಯುತ್ತಿದ್ದಾಗ. (ಹಿಪ್ಪುನೇರಳೆ ತೋಟದ ಹತ್ತಿರ ಬಿಟಿ ಪುಡಿ ಸಿಂಪಡಿಸಬೇಡಿ ಅನ್ನುವುದು ಇದಕ್ಕೇ.) ಈ ಬ್ಯಾಕ್ಟೀರಿಯಾದ ಒಂದು ಪ್ರೋಟೀನು ಹುಳದ ಕರುಳಿನಲ್ಲಿ ತೂತು ಮಾಡುತ್ತದೆ. ಆ ಪ್ರೋಟೀನು ಮಾಡುವ ಜೀನನ್ನೇ ಹತ್ತಿಗೆ ಸೇರಿಸಿದ್ದಾರೆ. ಆದರೆ ಅದು ಕೆಲಸ ಮಾಡಬೇಕಾದರೆ ಕರುಳು ಸುಣ್ಣದ ನೀರಿನಂತೆ ಕ್ಷಾರವಾಗಿರಬೇಕು. ಪ್ರೋಟೀನು ಅಂಟಿಕೊಳ್ಳಲು ಕರುಳಿನ ಗೋಡೆಯಲ್ಲಿ ಸರಿಯಾದ ಕೊಂಡಿಯೂ ಇರಬೇಕು. ಕಾಯಿಕೊರಕದ ಹೊಟ್ಟೆಯಲ್ಲಿ ಎರಡೂ ಇವೆ. ನಮ್ಮ ಜಠರದಲ್ಲಿ ಇರುವುದು ಆಮ್ಲ, ಆ ಕೊಂಡಿಯೂ ಇಲ್ಲ. ಜೀನಿನ ಮಾತಿಗೆ ಬಂದರೆ, ಆಕಳು ತಿನ್ನುವ ಪ್ರತಿ ಹಿಡಿ ಮೇವಿನಲ್ಲೂ ಕೋಟ್ಯಂತರ ಜೀನುಗಳಿರುತ್ತವೆ. ಹೊಟ್ಟೆಗೆ ಅವೆಲ್ಲ ಒಂದೇ, ಬಿಟಿ ಅಂತ ಬೇರೆ ಲೆಕ್ಕ ಇಲ್ಲ. ಎಲ್ಲವನ್ನೂ ಚೂರುಚೂರು ಮಾಡುತ್ತದೆ. ಮೇವಿನ ಡಿಎನ್ಎಯ ಸಣ್ಣ ಚೂರುಗಳು ಕೆಲವೊಮ್ಮೆ ಹಾಲಿನಲ್ಲೂ ಸಿಕ್ಕಿರುವುದು ನಿಜ. ಅವು ಒಡೆದ ಮಡಕೆಯ ಬಿಲ್ಲೆಗಳಿದ್ದಂತೆ, ಅವುಗಳಲ್ಲಿ ನೀರು ಹಿಡಿಯಲು ಆಗುವುದಿಲ್ಲ. ಅಂಗಡಿಯ ರಿಫೈನ್ಡ್ ಹತ್ತಿ ಎಣ್ಣೆಯಲ್ಲಂತೂ ಪ್ರೋಟೀನು, ಡಿಎನ್ಎ ಹೆಚ್ಚುಕಡಿಮೆ ಉಳಿದೇ ಇರುವುದಿಲ್ಲ.

ಆದರೆ ಹಿಂಡಿಯಿಂದ ಹಾಲಿಗೆ ನಿಜವಾಗಿ ದಾಟುವ ವಿಷ ಒಂದಿದೆ. ವಿಡಿಯೊದವರು ಅದನ್ನು ಹೇಳಲೇ ಇಲ್ಲ. ಹಿಂಡಿ ನೆನೆದು ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಆಕಳು ಅದನ್ನು ತಿಂದರೆ ರೂಪ ಬದಲಾಗಿ ಹಾಲಿಗೆ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಮಾಡಿಸಿದ ಹಾಲಿನ ಸಮೀಕ್ಷೆಯಲ್ಲಿ, 6,432 ಮಾದರಿಗಳ ಪೈಕಿ 368ರಲ್ಲಿ ಇದು ಮಿತಿಗಿಂತ ಜಾಸ್ತಿ ಇತ್ತು. ಹಿಂಡಿ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ, ದುಡ್ಡು ಹೋಯಿತಲ್ಲ ಅಂತ ಹಾಕಬೇಡಿ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಇನ್ನೊಂದು ವಿಷವೂ ಇದೆ. ಇದು ಹತ್ತಿಯ ಹುಟ್ಟುಗುಣ, ಬಿಟಿಗೂ ಇದಕ್ಕೂ ಸಂಬಂಧ ಇಲ್ಲ. ದೊಡ್ಡ ದನಗಳ ಮೆಲುಕು ಚೀಲ ಮಿತಿಯಲ್ಲಿ ಕೊಟ್ಟದ್ದನ್ನು ತಡೆದುಕೊಳ್ಳುತ್ತದೆ. ಎಳೆಗರುವಿಗೆ ಆ ಶಕ್ತಿ ಇಲ್ಲ, ಅದಕ್ಕೆ ಈ ಹಿಂಡಿ ಹಾಕಲೇಬೇಡಿ. ಹಿಂಡಿ ಬೇಡ ಅನ್ನುವ ಮಗಳಿಗೆ ಈ ಎರಡು ಮಾತು ಹೇಳಿ. ಅವಳ ಎಚ್ಚರ ಒಳ್ಳೆಯದೇ, ಗುರಿ ಸ್ವಲ್ಪ ಆಚೀಚೆ ಆಗಿದೆ ಅಷ್ಟೆ.

ಆ್ಯಂಟಿಬಯಾಟಿಕ್ ಭಯಕ್ಕೆ ಒಂದು ಎಳೆ ನಿಜ ಇದೆ. ಪ್ರಯೋಗಾಲಯದಲ್ಲಿ ಜೀನು ಸೇರಿದ ಕೋಶಗಳನ್ನು ಆರಿಸುವುದಕ್ಕೆ ಗುರುತು ಬೇಕು. ಅದಕ್ಕಾಗಿ ಮೊದಲ ಬಿಟಿ ಹತ್ತಿಯಲ್ಲಿ ಕ್ಯಾನಮೈಸಿನ್ ಎಂಬ ಆ್ಯಂಟಿಬಯಾಟಿಕ್ ಔಷಧವನ್ನು ತಾಳಿಕೊಳ್ಳುವ ಒಂದು ಜೀನನ್ನೂ ಸೇರಿಸಿದ್ದರು. ಹೀಗೆ ಗಿಡಕ್ಕೆ ಸೇರಿಸಿದ ಜೀನು ಬ್ಯಾಕ್ಟೀರಿಯಾಕ್ಕೆ ದಾಟಬಹುದೇ? ಇದನ್ನು ಮನುಷ್ಯರ ಮೇಲೆಯೇ ನೋಡಿದ್ದಾರೆ. ಬ್ರಿಟನ್ನಿನ ನ್ಯೂಕಾಸಲ್‌ನ ವಿಜ್ಞಾನಿಗಳು ಸಣ್ಣಕರುಳಿಗೆ ಹೊರಚೀಲ ಹಾಕಿಸಿಕೊಂಡಿದ್ದ 7 ಜನರಿಗೆ ಕುಲಾಂತರಿ (ಬೇರೆ ಜೀವಿಯ ಜೀನು ಸೇರಿಸಿದ) ಸೋಯಾ ಊಟ ಕೊಟ್ಟರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೋಯಾಕ್ಕೆ ಸೇರಿಸಿದ್ದ ಆ ಜೀನಿನ ಸ್ವಲ್ಪ ಭಾಗ ಸಣ್ಣಕರುಳು ದಾಟುವವರೆಗೆ ಉಳಿದಿತ್ತು. ಮೂವರ ಕರುಳಿನ ಸೂಕ್ಷ್ಮಜೀವಿಗಳಲ್ಲಿ ಆ ಜೀನಿನ ತುಣುಕಿನ ಸುಳಿವು ಆ ಊಟಕ್ಕೆ ಮೊದಲೇ ಇತ್ತು, ತೀರಾ ಕಡಿಮೆ ಪ್ರಮಾಣದಲ್ಲಿ. ಊಟದ ನಂತರ ಅದು ಹೆಚ್ಚಲಿಲ್ಲ. ದೊಡ್ಡಕರುಳೂ ಸರಿಯಾಗಿದ್ದವರಲ್ಲಿ ಜೀನು ಕೊನೆಯವರೆಗೆ ಉಳಿಯಲೇ ಇಲ್ಲ. ಅಂದರೆ ದಾರಿ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅದು ಕೂದಲೆಳೆಯಷ್ಟು ಸಣ್ಣದು. ಅದೂ ಅಲ್ಲದೆ ಕ್ಯಾನಮೈಸಿನ್ ತಾಳುವ ಜೀನು ಮಣ್ಣಿನ, ಸಗಣಿಯ, ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮೊದಲಿನಿಂದಲೂ ಇದೆ. ತುಂಬಿದ ಕೆರೆಗೆ ಹತ್ತಿ ಗಿಡ ಒಂದು ಹನಿ ಸೇರಿಸಬೇಕಿಲ್ಲ. ಕೆರೆ ತುಂಬಿಸುತ್ತಿರುವುದು ಬೇರೆ: ಚೀಟಿ ಇಲ್ಲದೆ ತಂದು ನುಂಗುವ ಮಾತ್ರೆ, ಅರ್ಧಕ್ಕೇ ಬಿಡುವ ಕೋರ್ಸು, ಕೋಳಿ ಬೇಗ ಬೆಳೆಯಲಿ ಅಂತ ಮೇವಿನಲ್ಲಿ ಬೆರೆಸುವ ಔಷಧ. ಮನುಷ್ಯರ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಬ್ಯಾಕ್ಟೀರಿಯಾದಿಂದ ಗಿಡಕ್ಕೆ ಜೀನು ದಾಟುವುದು ನಿಸರ್ಗಕ್ಕೂ ಹೊಸದಲ್ಲ. ಸಂಕ್ರಾಂತಿಗೆ ನಾವು ಬೇಯಿಸಿ ತಿನ್ನುವ ಗೆಣಸಿನಲ್ಲಿ ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಜೀನುಗಳಿವೆ. ಯಾರೂ ಸೇರಿಸಿದ್ದಲ್ಲ, ಸಾವಿರಾರು ವರ್ಷದ ಹಿಂದೆ ತಾವಾಗಿ ಸೇರಿಕೊಂಡಿದ್ದು. 2015ರಲ್ಲಿ ಇದು ಗೊತ್ತಾಯಿತು. ಹಾಗಂತ ನಿಸರ್ಗದಲ್ಲಿ ನಡೆದದ್ದೆಲ್ಲ ಸುರಕ್ಷಿತ ಅಂತ ಯಾರಾದರೂ ವಾದಿಸಿದರೆ ಅದನ್ನೂ ಒಪ್ಪಬೇಡಿ. ಪ್ರತಿ ಜೀನನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು. 1990ರ ದಶಕದಲ್ಲಿ ಅಮೆರಿಕದಲ್ಲಿ ಬ್ರೆಜಿಲ್ ನಟ್ ಎಂಬ ಕಾಯಿಯ ಜೀನನ್ನು ಸೋಯಾಕ್ಕೆ ಹಾಕಿದ್ದರು. ಆ ಕಾಯಿ ತಿಂದರೆ ಅಲರ್ಜಿ ಆಗುವವರಿಗೆ ಈ ಸೋಯಾದಿಂದಲೂ ಅಲರ್ಜಿ ಆಗಬಹುದು ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲಿಲ್ಲ. ಪರೀಕ್ಷೆ ಇದ್ದದ್ದಕ್ಕೆ ಬಚಾವ್.

ಈಗ ನನಗೆ ನಿಜವಾಗಿ ಚಿಂತೆ ಇರುವ ಕಡೆ ಬರುತ್ತೇನೆ.

ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ, ಒಂದು ಜೀನಿನದ್ದು. 2006ರಲ್ಲಿ ಎರಡು ಜೀನಿನದ್ದು ಬಂತು. ಗುಲಾಬಿ ಕಾಯಿಕೊರಕ ಮೊದಲನೆಯದನ್ನು ಅರಗಿಸಿಕೊಂಡದ್ದು ಗುಜರಾತಿನಲ್ಲಿ ಬೆಳಕಿಗೆ ಬಂದದ್ದು 2010ರಲ್ಲಿ. 2015ರ ಹೊತ್ತಿಗೆ ಎರಡನೆಯದೂ ಅದಕ್ಕೆ ಲೆಕ್ಕಕ್ಕಿರಲಿಲ್ಲ. ನಮ್ಮ ರಾಯಚೂರು ಭಾಗದವರಿಗೆ ಆ ವರ್ಷಗಳ ನೋವು ಇನ್ನೂ ನೆನಪಿದೆ. ಇಲ್ಲಿ ಜೀನು ಎಲ್ಲಿಗೂ ಹಾರಲಿಲ್ಲ. ಹುಳವೇ ಬದಲಾಯಿತು.

ಯಾಕೆ? ಬೀಜದ ಪೊಟ್ಟಣದ ಜೊತೆ ಬರುತ್ತಿದ್ದ ಸಣ್ಣ ಚೀಲ ನಿಮಗೆ ನೆನಪಿರಬಹುದು. 450 ಗ್ರಾಂ ಬಿಟಿ ಬೀಜ, ಜೊತೆಗೆ 120 ಗ್ರಾಂ ಬಿಟಿ ಅಲ್ಲದ ಬೀಜ. ಅದನ್ನು ಹೊಲದ ಸುತ್ತ ಹಾಕಬೇಕಿತ್ತು. ಅಲ್ಲಿ ವಿಷ ತಿನ್ನದ ಸಾಮಾನ್ಯ ಹುಳಗಳು ಬೆಳೆಯುತ್ತವೆ. ಬಿಟಿಗೆ ಬಗ್ಗದೆ ಉಳಿದ ಒಂದೆರಡು ಹುಳ ಇವುಗಳ ಜೊತೆ ಕೂಡಿದರೆ ಮರಿಗಳಿಗೆ ಆ ಗಟ್ಟಿತನ ಪೂರ್ತಿ ಬರುವುದಿಲ್ಲ. ಆದರೆ ನಮ್ಮ ರೈತರಲ್ಲಿ ಬಹಳ ಜನ ಆ ಚೀಲವನ್ನು ಬದುವಿಗೆ ಎಸೆದರು. ನಾನು ಅವರನ್ನು ದೂರುವುದಿಲ್ಲ. ಹುಳಕ್ಕೆ ಅಂತ ಹತ್ತಿ ಬೆಳೆಯಿರಿ ಅಂದರೆ ಯಾರಿಗೆ ಒಪ್ಪಿಗೆಯಾಗುತ್ತದೆ? ಕಾರಣವನ್ನು ಕನ್ನಡದಲ್ಲಿ, ಹೊಲದಲ್ಲಿ ನಿಂತು ಹೇಳಿದವರು ಕಡಿಮೆ. ಈಗ 475 ಗ್ರಾಂ ಪೊಟ್ಟಣದೊಳಗೇ ಬೆರೆಸಿ ಕೊಡುತ್ತಾರೆ.

ಇನ್ನೊಂದು ಕಾರಣ ಕಾಯಿಯೊಳಗೇ ಇದೆ. ನೀವು ಬಿತ್ತುವುದು ಹೈಬ್ರಿಡ್. ಅದರ ಕಾಯಿಯೊಳಗಿನ ಬೀಜಗಳು ಅದರ ಮಕ್ಕಳು, ಎಲ್ಲವೂ ತಾಯಿಯಂತೆ ಇರುವುದಿಲ್ಲ. ಒಂದು ಜೀನಿನ ಹತ್ತಿಯಲ್ಲಿ ನಾಲ್ಕು ಬೀಜಕ್ಕೆ ಒಂದರಲ್ಲಿ ಬಿಟಿ ಇರುವುದಿಲ್ಲ. ಎರಡು ಜೀನಿನದ್ದರಲ್ಲಿ ಕೆಲವು ಬೀಜಗಳಲ್ಲಿ ಎರಡೂ, ಕೆಲವದರಲ್ಲಿ ಒಂದೇ, ಹದಿನಾರಕ್ಕೆ ಒಂದರಲ್ಲಿ ಎರಡೂ ಇಲ್ಲ. ಗುಲಾಬಿ ಕಾಯಿಕೊರಕ ತಿನ್ನುವುದೇ ಬೀಜವನ್ನು. ಬೀಜದಿಂದ ಬೀಜಕ್ಕೆ ಹೋಗುತ್ತಾ ಅರೆಬರೆ ವಿಷ ತಿಂದು ಪಳಗುತ್ತದೆ. ಅದರ ಮೇಲೆ ನಾವು ಹತ್ತಿಯನ್ನು ಫೆಬ್ರುವರಿ, ಮಾರ್ಚ್‌ವರೆಗೆ ಹೊಲದಲ್ಲೇ ಬಿಟ್ಟು ಅದಕ್ಕೆ ಒಂದೆರಡು ತಲೆಮಾರು ಹೆಚ್ಚಿಗೆ ಕೊಡುತ್ತೇವೆ. ಬಿಟಿ ಹತ್ತಿಯನ್ನೇ ಬೆಳೆದ ಅಮೆರಿಕ, ಬಂಜೆ ಪತಂಗಗಳನ್ನೂ ಬಿಟ್ಟು, ಕಟ್ಟುನಿಟ್ಟಾಗಿ ನಡೆದುಕೊಂಡು, ಈ ಹುಳ ತನ್ನ ಹತ್ತಿ ಹೊಲಗಳಲ್ಲಿ ಇಲ್ಲವಾಯಿತು ಅಂತ 2018ರಲ್ಲಿ ಘೋಷಿಸಿತು. ಜೀನು ಅಲ್ಲಿಯೂ ಅದೇ, ಇಲ್ಲಿಯೂ ಅದೇ.

ನೀವು ಮಾಡಬಹುದಾದದ್ದು ಇಷ್ಟು. ಬೇಗ ಮುಗಿಯುವ ತಳಿ ಆರಿಸಿ. ಬಿತ್ತಿ ಒಂದೂವರೆ ತಿಂಗಳಿಗೆ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ದಿನಕ್ಕೆ 8 ಪತಂಗದಂತೆ ಮೂರು ದಿನ ಬಿದ್ದರೆ ಔಷಧಿಯ ಯೋಚನೆ ಮಾಡಿ, ಅದಕ್ಕಿಂತ ಮೊದಲು ಸುಮ್ನೆ ಹೊಡೆಯಬೇಡಿ. ಹೂವುಗಳನ್ನು ನೋಡುತ್ತಿರಿ. ಹತ್ತಿ ಹೂ ಬೆಳಿಗ್ಗೆ ಕೆನೆ ಬಣ್ಣದಲ್ಲಿ ಬಿಚ್ಚಿಕೊಂಡು ಮರುದಿನ ಕೆಂಪಾಗುತ್ತದೆ. ಬಿಚ್ಚಿಕೊಳ್ಳದೆ, ಎಸಳು ಒಂದಕ್ಕೊಂದು ಹೆಣೆದುಕೊಂಡು ಗುಲಾಬಿ ಮೊಗ್ಗಿನಂತೆ ನಿಂತ ಹೂ ಕಂಡರೆ ಬಿಡಿಸಿ ನೋಡಿ. ಒಳಗೆ ಹುಳ ಇರುತ್ತದೆ, ಕಿತ್ತು ಸಾಯಿಸಿ. ಡಿಸೆಂಬರ್, ಹೆಚ್ಚೆಂದರೆ ಜನವರಿ ಮೊದಲ ವಾರಕ್ಕೆ ಬೆಳೆ ಮುಗಿಸಿ, ಕಟ್ಟಿಗೆ ಕಿತ್ತುಬಿಡಿ. ಕೊನೆಯ ಒಂದೆರಡು ಬಿಡಿಸು ಕೈತಪ್ಪುತ್ತದೆ, ಗೊತ್ತು. ಆದರೆ ಮುಂದಿನ ವರ್ಷದ ಹುಳ ಆ ಒಣ ಕಾಯಿಗಳಲ್ಲೇ ಮಲಗಿರುತ್ತದೆ.

ಈಗ ಆ ಪೊಟ್ಟಣ. ಕಳೆನಾಶಕ ತಾಳುವ ಹತ್ತಿಗೆ ಭಾರತದಲ್ಲಿ ಅನುಮತಿ ಇಲ್ಲ. ಕಾನೂನಿನ ಮಾತು ಒಂದು ಕಡೆ ಇರಲಿ, ನಿಮ್ಮ ಹೊಲದ ಮಾತು ಕೇಳಿ. ಅದರಲ್ಲಿ ಯಾವ ಜೀನಿದೆ, ಬಿಟಿ ಇದೆಯೋ ಇಲ್ಲವೋ, ಮೊಳಕೆ ಎಷ್ಟು ಬರುತ್ತದೆ, ಯಾರಿಗೂ ಗೊತ್ತಿಲ್ಲ. ಕೈಕೊಟ್ಟರೆ ಪರಿಹಾರ ಕೇಳಲು ಬಿಲ್ಲೂ ಇಲ್ಲ. ಕಳೆನಾಶಕದ ಮಂಜು ಗಾಳಿಗೆ ಪಕ್ಕದವರ ತೊಗರಿಗೆ ಬಿದ್ದರೆ ತೊಗರಿ ಸುಟ್ಟುಹೋಗುತ್ತದೆ, ನಿಮ್ಮ ಬೆಂಡೆಯೂ ಉಳಿಯುವುದಿಲ್ಲ. ಕಳೆನಾಶಕ ತಾಳುವ ಜೀನು ಪರಾಗದಲ್ಲಿ ಹೋಗುತ್ತದೆ ಅನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಅಮೆರಿಕದ ಒರೆಗಾನ್‌ನಲ್ಲಿ ಪರೀಕ್ಷೆಗೆ ಬೆಳೆದ ಒಂದು ಹುಲ್ಲಿನ ಪರಾಗ ಗಾಳಿಯಲ್ಲಿ 21 ಕಿಲೋಮೀಟರ್‌ವರೆಗೆ ಹೋಗಿತ್ತು. ಕೆನಡಾದಲ್ಲಿ ಮೂರು ಬೇರೆಬೇರೆ ಕಳೆನಾಶಕಕ್ಕೂ ಸಾಯದ ಸಾಸಿವೆ ಜಾತಿಯ ಗಿಡಗಳು 1998ರ ಹೊತ್ತಿಗೇ ಹೊಲದಲ್ಲಿ ತಾನಾಗಿ ಎದ್ದಿದ್ದವು. ಹತ್ತಿ ಅಷ್ಟು ದೂರ ಹೋಗುವುದಿಲ್ಲ, ನಿಜ. ಆದರೆ ಕಳ್ಳ ಬೀಜಕ್ಕೆ ದೂರದ ಲೆಕ್ಕವೇ ಇಲ್ಲ, ಅದು ಬೈಕಿನಲ್ಲಿ ಹೋಗುತ್ತದೆ.

ನನ್ನ ಅನುಭವದ ಒಂದು ಮಾತು. ಬೇಲಿ ಹಾಕಿದ ಪರೀಕ್ಷಾ ಹೊಲವೊಂದರ ಉಸ್ತುವಾರಿ ನನ್ನದಾಗಿತ್ತು. ಗಿಡಗಳನ್ನು ಎಣಿಸಿದ್ದೆವು, ಸುತ್ತ ಅಂತರ ಬಿಟ್ಟಿದ್ದೆವು, ಕೊನೆಗೆ ಕಿತ್ತು ಸುಟ್ಟೆವು, ಕಾಗದ ಎಲ್ಲ ಸರಿಯಿತ್ತು. ಮುಂದಿನ ಮಳೆಗೆ ಹೋಗಿ ನೋಡಿದರೆ, ಬೇಲಿಯ ಹೊರಗೆ ಚಕ್ಕಡಿ ದಾರಿಯಲ್ಲಿ ಹನ್ನೊಂದು ಹತ್ತಿ ಸಸಿಗಳು. ಜೇನು ಅಲ್ಲ, ಗಾಳಿ ಅಲ್ಲ. ಹರಿದ ಗೋಣಿಚೀಲದ ಮೂಲೆಯಿಂದ ಉದುರಿದ ಕಾಳು. ಅವತ್ತು ಮಂಡಿಯೂರಿ ಒಂದೊಂದನ್ನೂ ಬೇರುಸಹಿತ ಕಿತ್ತೆ. ಅಷ್ಟು ಕಾವಲಿದ್ದ ಕಡೆಯೇ ಹೀಗೆ. ಹೆಸರಿಲ್ಲದ ಪೊಟ್ಟಣಕ್ಕೆ ಕಾವಲು ಯಾರು? ಬೇಡ ಅನ್ನಿ. ಕಳೆ ಕೀಳಲು ಆಳು ಸಿಗುವುದಿಲ್ಲ ಅನ್ನುವ ಕಷ್ಟ ನನಗೆ ಗೊತ್ತು. ಸಾಲಿನ ಅಂತರ ಸ್ವಲ್ಪ ಹೆಚ್ಚಿಸಿ ಎಡೆಕುಂಟೆ ಹೊಡೆಯಿರಿ, ಮೊದಲ ಒಂದೂವರೆ ಎರಡು ತಿಂಗಳು ಕಳೆ ತಡೆದರೆ ಆಮೇಲೆ ಹತ್ತಿಯೇ ನೆರಳು ಮಾಡಿಕೊಳ್ಳುತ್ತದೆ.

ಕೊನೆಗೆ ಅವ್ವನ ಬದನೆ. ಹತ್ತಿಗೂ ಬದನೆಗೂ ಯಾವ ನಂಟೂ ಇಲ್ಲ, ಆ ದಾರಿ ಮುಚ್ಚಿದೆ. ಬಿಟಿ ಬದನೆ ಬೇರೆ ಮಾತು. ಅದನ್ನು ಮಾಡಿದಾಗ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಮಲಾಪುರ ಲೋಕಲ್, ಕುಡಚಿ ಲೋಕಲ್, ಉಡುಪಿ ಲೋಕಲ್‌ನಂಥ ತಳಿಗಳಿಗೆ ಆ ಜೀನು ಸೇರಿಸಿತ್ತು. ಬದನೆಯ ತವರು ನಮ್ಮ ಈ ನೆಲವೇ. ಬೇಲಿಸಾಲಿನ ಕಾಡು ಬದನೆಗಳಲ್ಲಿ ಕೆಲವು ಊರ ಬದನೆಯ ಜೊತೆ ಸಲೀಸಾಗಿ ಕೂಡುತ್ತವೆ. ಆದ್ದರಿಂದ ಇಲ್ಲಿ ಜೀನು ದಾಟುವ ಪ್ರಶ್ನೆ ಹತ್ತಿಗಿಂತ ಬಹಳ ಗಂಭೀರ. ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಸಾರ್ವಜನಿಕರ ಸಭೆ ನಡೆದು, 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಬಾಂಗ್ಲಾದೇಶದಲ್ಲಿ 2014ರಿಂದ ಬೆಳೆಯುತ್ತಿದ್ದಾರೆ. ಇಲ್ಲಿ ಅನುಮತಿ ಇಲ್ಲ. ಆದರೂ 2019ರಲ್ಲಿ ಹರಿಯಾಣದ ಹೊಲವೊಂದರಲ್ಲಿ ಬಿಟಿ ಬದನೆ ಸಿಕ್ಕಿತು. ಅದೇ ದಾರಿ: ಯಾರೋ ತಂದು ಕೊಟ್ಟ ಸಸಿ. ನರ್ಸರಿಯಲ್ಲಿ 'ಹುಳ ಬೀಳದ ಬದನೆ' ಅಂತ ಕೊಟ್ಟರೆ ಯಾವ ತಳಿ, ಯಾರ ಬೀಜ ಅಂತ ಕೇಳಿ.

ಅವ್ವನ ತಳಿಗೆ ಇವತ್ತು ಹತ್ತಿರದಲ್ಲಿರುವ ಅಪಾಯ ಪಕ್ಕದವರ ಮಾಮೂಲಿ ಹೈಬ್ರಿಡ್ ಬದನೆ. ಬದನೆ ಹೂವಿನ ಮಧ್ಯೆ ಐದು ಹಳದಿ ಕೊಳವೆಗಳಿವೆ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ದುಂಬಿ ಬಂದು ಅದನ್ನು ಅಪ್ಪಿಕೊಂಡು ಮೈ ನಡುಗಿಸುತ್ತದೆ. ಝುಂಯ್ ಅನ್ನುವ ಆ ಸದ್ದು ಬೆಳಗಿನ ಹೊತ್ತು ಹತ್ತಿರ ನಿಂತರೆ ಕೇಳಿಸುತ್ತದೆ. ಆಗ ಉಪ್ಪಿನ ಡಬ್ಬಿಯಿಂದ ಉದುರಿದಂತೆ ಪರಾಗ ಉದುರುತ್ತದೆ. ಅದೇ ದುಂಬಿ ಪಕ್ಕದ ಹೈಬ್ರಿಡ್ ಮೇಲೂ ಕೂರುತ್ತದೆ. ರೈತರಿಗೆ ಮಾರುವ ಪ್ರಮಾಣಿತ ಬೀಜಕ್ಕೆ 100 ಮೀಟರ್, ಅದನ್ನು ಬೆಳೆಯಲು ಬಳಸುವ ಮೂಲ ಬೀಜಕ್ಕೆ 200 ಮೀಟರ್ ಅಂತರ ಇರಲಿ ಅನ್ನುವ ನಿಯಮ ಇದಕ್ಕೇ. ಹಿತ್ತಲಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಅದಕ್ಕೊಂದು ಉಪಾಯ ಇದೆ. ನಾಳೆ ಅರಳುವ ಮೊಗ್ಗು ಇವತ್ತು ಸಂಜೆಗೇ ಗೊತ್ತಾಗುತ್ತದೆ. ನೇರಳೆ ಬಣ್ಣ ತುಂಬಿ ಉಬ್ಬಿರುತ್ತದೆ, ಎಸಳು ಇನ್ನೂ ಬಿಟ್ಟಿರುವುದಿಲ್ಲ. ಹಳೆಯ ಪಂಚೆಯ ತೆಳು ಬಟ್ಟೆಯಲ್ಲಿ ಬೆರಳುದ್ದದ ಚೀಲ ಹೊಲಿದು ಮೊಗ್ಗಿಗೆ ಹಾಕಿ, ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಲಿ. ಎರಡು ಮೂರು ದಿನ ಬೆಳಿಗ್ಗೆ ಚೀಲವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು, ಹೂವಿನ ಪರಾಗ ಅದೇ ಹೂವಿಗೆ ಬೀಳುತ್ತದೆ. ಕಾಯಿ ಬಟಾಣಿಯಷ್ಟಾದ ಮೇಲೆ ಚೀಲ ತೆಗೆದು, ತೊಟ್ಟಿಗೆ ಕೆಂಪು ದಾರ ಬಿಡಲಿ. ಒಂದೇ ಗಿಡದಲ್ಲಿ ಬೇಡ, ಎಂಟು ಹತ್ತು ಒಳ್ಳೆಯ ಗಿಡಗಳಲ್ಲಿ ಮಾಡಲಿ. ಕೆಂಪು ದಾರದ ಕಾಯಿಯನ್ನು ಯಾರೂ ಪಲ್ಯಕ್ಕೆ ಕೀಳಬೇಡಿ ಅಂತ ಮನೆಯಲ್ಲಿ ಹೇಳಿಬಿಡಿ. ಅದು ಗಿಡದಲ್ಲೇ ಹಳದಿಯಾಗಿ ಹಣ್ಣಾಗಬೇಕು. ಆಮೇಲೆ ಬೀಜ ತೊಳೆದು, ನೆರಳಿನಲ್ಲಿ ಒಣಗಿಸಿ, ಅವ್ವ ಎಂದಿನಂತೆ ಬೂದಿಯಲ್ಲಿ ಕಟ್ಟಿಡಲಿ. ಅರ್ಧವನ್ನು ಬೇರೆ ಊರಿನ ನಂಟರ ಮನೆಯಲ್ಲೂ ಇಡಿ.